ಹುಳುಮನೆಯ ಸೊನ್ನೆ

ಹಾಳುಬಾವಿ ದಾಟಿ ಉದಯಕುಮಾರ ಹುಳುಮನೆ ಕಡೆ ನಡೆದಾಗ ಊರು ಮಲಗಿತ್ತು. ಶಿಡ್ಲಘಟ್ಟದ ಹತ್ತಿರದ ನಮ್ಮೂರು. ಅವನು ನನ್ನ ಚಿಕ್ಕಪ್ಪನ ಮಗ. ದೆವ್ವವನ್ನು ನಾನು ನಂಬುವುದಿಲ್ಲ. ಆದರೂ ಹೇಳುತ್ತೇನೆ.

ವಿಮಾನದಿಂದ ಸಮುದ್ರಕ್ಕೆ ಲೇಸರ್ ಬಿಡುವುದು ಅವನ ಕೆಲಸ. ನೀರಲ್ಲಿ ಪಾಚಿಯ ಹಸಿರಿದ್ದರೆ, ಎಲೆಯ ಹಸಿರಿನಂತೆಯೇ, ಆ ಬೆಳಕಿಗೆ ಕೆಂಪಗೆ ಮಿನುಗುತ್ತದೆ. ಯಂತ್ರ ಅದನ್ನು ಅಳೆಯುತ್ತದೆ. ಈಗ ಹಸಿರಿಲ್ಲದ ಕಡೆಯೂ ಕೆಂಪು ತೋರಿಸುತ್ತಿತ್ತು. ಬೆಳಗಾಗುವುದರೊಳಗೆ ಹಸಿರಿಲ್ಲದ ಕಡೆ ಸೊನ್ನೆ ಬರಬೇಕು, ಇಲ್ಲದಿದ್ದರೆ ಗುತ್ತಿಗೆ ಕೆಲಸಕ್ಕೆ ಸಲಾಮು. ಎರಡು ರಾತ್ರಿ ನಿದ್ದೆಯಿಲ್ಲದೆ, ಲೇಸರ್ ಪೆಟ್ಟಿಗೆ ಹೊತ್ತು ಊರಿಗೆ ಬಂದಿದ್ದ.

ಹಿಪ್ಪುನೇರಳೆ ತೋಟಗಳ ಊರಲ್ಲಿ ಹಸಿರಿಲ್ಲದ ಜಾಗ ಒಂದೇ. ರೇಷ್ಮೆಹುಳುವಿನ ಬೆಳೆ ಮುಗಿದಿತ್ತು. ನಮ್ಮಮ್ಮ ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದು, ಸುಣ್ಣ ಬಳಿದು, ಬೀಗ ಹಾಕಿದ್ದರು. ಎಲೆಯ ಕಲೆ ಕೂಡ ಉಳಿದಿರಲಿಕ್ಕಿಲ್ಲ.

ಬೀಗ ತೆಗೆದು ಒಳಗೆ ಹೋಗಿ ಬಿಳಿ ಗೋಡೆಗೆ ಲೇಸರ್ ಬಿಟ್ಟ.

ಕೆಂಪು.

ಆಗ ಕೇಳಿಸಿತು... ಚರಚರ, ಚರಚರ... ಹಂಚಿನ ಮೇಲೆ ತುಂತುರು ಬಿದ್ದಂತೆ. ಸಾವಿರ ಹುಳು ಸೊಪ್ಪು ತಿನ್ನುವ ಸದ್ದು. ತಟ್ಟೆಗಳೆಲ್ಲ ಖಾಲಿ.

ನಮ್ಮಮ್ಮನಿಗೆ ಫೋನ್ ಮಾಡಿದ. "ದೊಡ್ಡಮ್ಮಾ... ಹುಳ ಬಿಟ್ಟಿದ್ದೀರಾ?"

"ಇಲ್ಲ ಕಣಪ್ಪ. ಮೊಟ್ಟೇನೇ ತಂದಿಲ್ಲ. ಯಾಕೋ ಪಿಸುಗುಟ್ತಿದ್ದೀಯ?"

"ಸದ್ದು ಬರ್ತಿದೆ."

"ಕಾಲು ತೊಳ್ಕೊಂಡು ಹೋದ್ಯೇನೋ?"

"ಇಲ್ಲ... ಚಪ್ಪಲೀಲಿ ಇದ್ದೀನಿ."

"ಅಷ್ಟು ಓದಿ ಇಷ್ಟೇನಾ! ಹುಳುಮನೆಗೆ ಯಾರಾದರೂ ಚಪ್ಪಲಿ ಹಾಕ್ಕೊಂಡು ಹೋಗ್ತಾರಾ? ನಿಮ್ಮಜ್ಜಿ ಇದ್ದಿದ್ರೆ ನಿನ್ನ..."

ಅಜ್ಜಿ ಚಿಕ್ಕವೆಂಕಟಮ್ಮ ಸಾಯುವವರೆಗೂ ಅಲ್ಲೇ ಸೊಪ್ಪು ಹಾಕಿದವಳು. ಹುಳುವಿಗೆ ರೋಗ ತಗಲದಿರಲೆಂದು ಅಧಿಕಾರಿಗಳನ್ನೂ ಹೊಸ್ತಿಲಾಚೆ ನಿಲ್ಲಿಸಿ, ಕಾಲು ತೊಳೆಸಿ ಒಳಗೆ ಬಿಟ್ಟವಳು.

ಉದಯ ಚಪ್ಪಲಿ ಅಲ್ಲೇ ಒಳಗೆ ಕಳಚಿದ. ಹೊರಗಿನ ತೊಟ್ಟಿಯಲ್ಲಿ ಕಾಲು ತೊಳೆದು ಬಂದ. "ಅಜ್ಜಿ, ತಪ್ಪಾಯ್ತು. ಕೆಲಸ ಹೋಗುತ್ತೆ," ಅಂದ. ಬೆಳಿಗ್ಗೆ ಅವನೇ ಹೇಳಿದ್ದು; ನಾನು ನಕ್ಕೆ.

ಸದ್ದು ನಿಂತಿತು. ಗೋಡೆಗೆ ಲೇಸರ್ ಬಿಟ್ಟ. ಸೊನ್ನೆ. ಮತ್ತೆ ಬಿಟ್ಟ. ಸೊನ್ನೆ.

ಯಂತ್ರ ಮತ್ತೆ ವಿಮಾನ ಹತ್ತಿತು, ಅವನ ಕೆಲಸವೂ ಉಳಿಯಿತು. ನಿದ್ದೆಗೆಟ್ಟವನ ಕಿವಿ, ಸಡಿಲವಾದ ವೈರು ಎಂದು ನಾನು ಅಲ್ಲಿಗೇ ಮುಗಿಸುತ್ತಿದ್ದೆ.

ಆದರೆ ಅವನು ಹೊರಗೆ ಬಂದಾಗ, ಒಳಗೆ ಕಳಚಿದ್ದ ಚಪ್ಪಲಿ ಹೊಸ್ತಿಲಾಚೆ ಇದ್ದವು. ಜೋಡಿಸಿಟ್ಟಂತೆ. ಹೊರಡುವ ಮುನ್ನ ನನ್ನೆದುರೇ ಅವಕ್ಕೆ ಲೇಸರ್ ಬಿಟ್ಟ. ಅಡಿಯಲ್ಲಿ ಕೆಂಪಿದ್ದರೆ ತೋಟದ ಎಲೆ ತುಳಿದದ್ದು ಎನ್ನಬಹುದಿತ್ತು. ಕೆಂಪಿದ್ದದ್ದು ಮೇಲಿನ ಪಟ್ಟಿಯಲ್ಲಿ. ಎರಡು ಬೆರಳು, ಒಂದು ಹೆಬ್ಬೆರಳು... ಸೊಪ್ಪಿನ ಕೈ ಹಿಡಿದೆತ್ತಿದ ಗುರುತು.

ನಾನು ಕಣ್ಣಾರೆ ನೋಡಿದ್ದೇನೆ. ಚಪ್ಪಲಿ ಈಗಲೂ ನಮ್ಮ ಮನೆಯಲ್ಲೇ ಇವೆ. ಅವನು ಬರಿಗಾಲಲ್ಲೇ ಬಸ್ಸು ಹತ್ತಿದ.