ವೆಂಟಿಲೇಶನ್ ಚೆನ್ನಾಗಿದೆ

ದೂಳು ಬರುತ್ತದೆಂದು ಎರಡು ತಿಂಗಳ ಹಿಂದೆ ಹೊಲಿಗೆ ಕಾರ್ಖಾನೆಯ ಗಾಳಿಕಿಂಡಿಗಳಿಗೆಲ್ಲ ಹಲಗೆ ಹೊಡೆದರು. ಮೊನ್ನೆ ಹೊಲಿಯುತ್ತಿದ್ದ ಹುಡುಗಿಯೊಬ್ಬಳು ಉಸಿರುಗಟ್ಟಿ ಬಿದ್ದಳು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅವಳ ಜೊತೆಯ ಹಿರಿಯ ಟೈಲರಮ್ಮ ಕೂತಿದ್ದರು. ಎದುರಿಗೆ ಸೂಪರ್‌ವೈಸರ್ ಕಾಗದ ಹಿಡಿದು ನಿಂತಿದ್ದ.

"ಅಕ್ಕಾ, 'ವೆಂಟಿಲೇಶನ್ ಚೆನ್ನಾಗಿದೆ' ಅಂತ ಹೋದ ತಿಂಗಳು ಸೈನ್ ಹಾಕಿದ್ದು ನೀವೇ ತಾನೆ?"

"ನಾನೇ ಕಣಪ್ಪ. ಆಸ್ಪತ್ರೇಲಿ ಉಸಿರಾಡಿಸೋ ವೆಂಟಿಲೇಟರ್ ಮೆಷಿನ್ ಅಂದ್ಕೊಂಡೆ. ನಮಗೂ ಒಂದು ತಂದಿಟ್ಟಿದ್ದಾರೆ, ಎಂಥ ಪುಣ್ಯಾತ್ಮರು ಅಂತ ಹೊಗಳಿದ್ದೆ ಬೇರೆ."

"ಅರ್ಥ ಕೇಳ್ಬೇಕಿತ್ತು."

"ಹೆಡ್ಡಿ ಅಂತೀರಿ ಅಂತ ನಾಚಿಕೆ ಆಯ್ತು. ನಿನ್ನೆ ಮಗಳು ಡಿಕ್ಷನರಿ ನೋಡಿ ಹೇಳಿದ್ಲು. ಗಾಳಿ ಆಡೋದು ಅಂತ ಅರ್ಥವಂತೆ, ಲ್ಯಾಟಿನ್ನಲ್ಲಿ ಗಾಳಿ ಅನ್ನೋ ಮಾತಿಂದ ಹುಟ್ಟಿದ್ದಂತೆ. ಕಾಳು ತೂರೋದಕ್ಕೂ ಅದೇ ಮಾತಂತೆ."

"ಸರಿ, ಗಾಳಿ ಬಂದಾಗ ತೂರ್ಕೊಳ್ಳಿ. ಅವಳಿಗೆ ಮೊದಲೇ ಉಬ್ಬಸ ಇತ್ತು ಅಂತ ಬರ್ದಿದೀವಿ, ಇದಕ್ಕೊಂದು ಸೈನ್ ಹಾಕಿ. ನಿಮ್ಮ ತಪ್ಪೂ ಮುಚ್ಚಿಹೋಗುತ್ತೆ."

"ಉಬ್ಬಸದೋಳು ಮೂರು ವರ್ಷ ನನ್ನ ಪಕ್ಕ ಕೂತು ದಿನವಿಡೀ ಹಾಡ್ತಿದ್ಲಾ?"

"ಹಾಕದಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡಿ."

ಒಳಗಿನಿಂದ ನರ್ಸ್ ಕರೆದಳು. ಟೈಲರಮ್ಮ ಓದಿ ಮುಗಿಸಿದ ಕಾಗದ ಅವನಿಗೆ ವಾಪಸ್ ಕೊಟ್ಟು ಎದ್ದರು.

"ಅವತ್ತು ಅರ್ಥ ಗೊತ್ತಿಲ್ದೆ ಹಾಕ್ದೆ. ಈಗ ಅವಳ ಮುಖ ನೋಡೋಕಾಗ್ತಿಲ್ಲ. ಇದು ಅಚ್ಚ ಕನ್ನಡದಲ್ಲಿದೆ, ಪೂರ್ತಿ ಓದಿದೀನಿ. ಹಾಕಲ್ಲ."

ತಲೆ ತಗ್ಗಿಸಿಕೊಂಡೇ ವಾರ್ಡಿನೊಳಗೆ ಹೋದರು.