ಸುಂಕದ ಕಟ್ಟೆಯಲ್ಲಿ ಮದ್ದಾದ ಪುಡಿ

ಬಂದರು ಇರುವ ಒಂದು ಪಟ್ಟಣ, ಅಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿ. ಕೈತುಂಬ ವ್ಯಾಪಾರ, ಬಾಯಿತುಂಬ ಮಾತು. ಪರದೇಶದಿಂದ ಶಕ್ತಿ ಬರುವ ಪುಡಿ, ವಿಟಮಿನ್ ಗುಳಿಗೆ ಎಲ್ಲ ತರಿಸಿ ಮಾರುವುದು ಅವನ ಉದ್ಯೋಗ. ಸಭೆಯವರೇ, ಈಗ ಎಲ್ಲರ ಮನೆಯ ಫ್ರಿಜ್ಜಿನ ಮೇಲೂ ಅಂಥದ್ದೊಂದು ಡಬ್ಬಿ ಕೂತಿರುತ್ತದಲ್ಲ! ಹಿಂದಿನ ಬೆಂಚಿನ ಎಡ್ವಿನಣ್ಣ, ನಗಬೇಡಿ. ನಿಮ್ಮ ಮನೆಯದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಡಬ್ಬಿಯ ಮೇಲೆ ಅವನೇ ಅಚ್ಚು ಹಾಕಿಸಿದ್ದ, ‘ಇದು ಆಹಾರ, ಔಷಧವಲ್ಲ’ ಎಂದು. ಯಾಕೆ? ಔಷಧ ಎಂದರೆ ಅದಕ್ಕೆ ಬೇರೆ ಲೈಸೆನ್ಸು, ಬೇರೆ ಪರೀಕ್ಷೆ. ಆ ತಲೆನೋವು ಯಾರಿಗೆ ಬೇಕು? ಆದರೆ ಬಂದರಿನಲ್ಲಿ ಕಥೆಯೇ ಬೇರೆ. ನೋಡಿ, ಹಡಗಿನಿಂದ ಇಳಿದ ಸಾಮಾನು ಯಾವ ಗುಂಪಿಗೆ ಸೇರಿದ್ದು ಎಂದು ಕಸ್ಟಮ್ಸ್‌ನವರು ಮೊದಲು ಗೊತ್ತುಮಾಡುತ್ತಾರೆ. ಔಷಧದ ಗುಂಪಾದರೆ ಅವನಿಗೆ ಸುಂಕ ಕಡಿಮೆ, ತಿನ್ನುವ ಪದಾರ್ಥದ ಗುಂಪಾದರೆ ಹೆಚ್ಚು. ನಮ್ಮ ವ್ಯಾಪಾರಿ ಏನು ಮಾಡಿದ? ಅಂಗಡಿಯಲ್ಲಿ ಆಹಾರ ಎಂದು ಮಾರುವ ಪುಡಿಯನ್ನು ಬಂದರಿನಲ್ಲಿ ಔಷಧ ಎಂದುಬಿಟ್ಟ!

ಅಧಿಕಾರಿ ಡಬ್ಬಿ ತಿರುಗಿಸಿ ನೋಡಿದರು.

“ಎಂತ ಮಾರಾಯ್ರೆ ಇದು? ಔಷಧ ಅಲ್ಲ ಅಂತ ನೀವೇ ಅಚ್ಚು ಹಾಕಿಸಿದ್ದೀರಿ. ಇಲ್ಲಿ ಬಂದು ಮದ್ದು ಅಂತ ಹೇಳ್ತೀರಿ. ಯಾವ ಕಾಯಿಲೆಗೆ ಇದು?”

“ಎಲ್ಲದಕ್ಕೂ ಆಗ್ತದೆ ಸಾರ್.”

“ಎಲ್ಲದಕ್ಕೂ ಆಗುವ ಮದ್ದು ಇದ್ರೆ ಇಷ್ಟೆಲ್ಲ ಆಸ್ಪತ್ರೆ ಯಾಕೆ? ಬರುವ ತಿಂಗಳು ವಿಚಾರಣೆ ಉಂಟು. ಅಲ್ಲಿ ಬಂದು ಹೇಳಿ.”

ಸರಿ, ಮನುಷ್ಯ ಒಂದು ಕಾಯಿಲೆಯ ಹೆಸರು ಹಿಡಿದುಕೊಂಡು ವಿಚಾರಣೆಗೆ ತಯಾರಿ ಶುರು ಮಾಡಿದ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಕೈ ಎತ್ತಿ, ಮನೆಯೇ ಹಾರಿಹೋಗುವ ಹಾಗೆ ಭಾಷಣ: “ಇದು ಆಹಾರವೇ ಅಲ್ಲ ಸಾರ್! ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುವ ಮದ್ದು! ಅಪ್ಪಟ ಮದ್ದು!”

ಅಡುಗೆಮನೆಯಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದ ಅವನ ತಾಯಿ ಇದನ್ನು ದಿನಾ ಕೇಳಿದರು. ಆ ತಾಯಿಗೆ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ. ಹೇಳಿ, ಮಗ ಇಷ್ಟು ಗಟ್ಟಿಯಾಗಿ ಸುಳ್ಳು ಹೇಳುತ್ತಾನೆ ಎಂದು ಯಾವ ತಾಯಿ ಅಂದುಕೊಳ್ಳುತ್ತಾಳೆ? ಡಾಕ್ಟರು ಕೊಟ್ಟ ಮಾತ್ರೆಯನ್ನು ಕಪಾಟಿನಲ್ಲಿಟ್ಟರು. ಮಗನ ಪುಡಿಯನ್ನು ಹಾಲಿಗೆ ಕಲಸಿ ಕುಡಿಯತೊಡಗಿದರು. ಮದ್ದು ಹೇಗೂ ಹೊಟ್ಟೆಯೊಳಗೆ ಕೆಲಸ ಮಾಡುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ಮೇಲಿಂದ ಮೇಲೆ ಹಲ್ವವನ್ನೂ ತಿಂದರು! ಮುಂದಿನ ಬೆಂಚಿನ ಲಿಲ್ಲಿಬಾಯಮ್ಮ ತಲೆ ಆಡಿಸುತ್ತಿದ್ದಾರೆ, ಅವರಿಗೆ ಗೊತ್ತು ಆ ಆಸೆ.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಾಯಿ ಕುಸಿದು ಬಿದ್ದರು. ಕರೆದರೆ ಮಾತಿಲ್ಲ. ಮಗ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅವರು ಕಣ್ಣು ಬಿಡುವವರೆಗೆ ಆ ಮಾತುಗಾರನ ಬಾಯಿಂದ ಬಂದದ್ದು ಒಂದೇ ಮಾತು, “ದೇವರೇ, ಅಮ್ಮ ಬೇಕು.”

ತಾಯಿ ಕಣ್ಣು ಬಿಟ್ಟರು. ಡಾಕ್ಟರು ಗದರಿದರು. “ಎಂತಮ್ಮ, ಮಾತ್ರೆ ಬಿಟ್ಟಿದ್ದೀರಾ?”

“ಬಿಟ್ಟದ್ದಲ್ಲ ಡಾಕ್ಟ್ರೆ, ಬದಲಿಸಿದ್ದು. ಈಗ ನನ್ನ ಮಗನ ಮದ್ದು ತಕೊಳ್ಳುವುದು. ಸರ್ಕಾರದವರ ಮುಂದೆಯೇ ಹೇಳ್ಲಿಕ್ಕುಂಟು ಅವನಿಗೆ.”

ಆ ಸೋತ ಮುಖದಲ್ಲಿ ಎಂಥ ಹೆಮ್ಮೆ ಗೊತ್ತೇ! ಡಾಕ್ಟರು ಮಗನ ಕಡೆ ತಿರುಗಿದರು. “ಹೌದಾ? ಎಂತ ಮದ್ದು ಅದು?”

ಈಗ ಹೇಳಬೇಕಲ್ಲ! ಮದ್ದು ಎಂದರೆ ತಾಯಿ ನಾಳೆಯೂ ಅದನ್ನೇ ಕುಡಿಯುತ್ತಾರೆ. ಅವನು ತಲೆ ತಗ್ಗಿಸಿ ಹೇಳಿದ, “ಮದ್ದು ಅಲ್ಲ ಡಾಕ್ಟ್ರೆ. ಬರೇ ಪುಡಿ.”

ತಾಯಿ ಅವನನ್ನೇ ನೋಡಿದರು. “ಹಾಗಾದ್ರೆ ದಿನಾ ಬೊಬ್ಬೆ ಹೊಡೆದು ಹೇಳಿದ್ದು ಎಂತದು ಮಗಾ?”

ಅವನು ಅಲ್ಲೇ, ನರ್ಸುಗಳ ಮುಂದೆಯೇ ಅತ್ತುಬಿಟ್ಟ. ಗಾಬರಿ ಬೇಡ, ತಾಯಿ ಗುಣವಾದರು. ಆಸ್ಪತ್ರೆಯ ಗಂಜಿಗೆ ಉಪ್ಪಿನಕಾಯಿ ಕೊಡಲಿಲ್ಲ ಎಂದು ಜಗಳವಾಡಿಯೇ ಮನೆಗೆ ಬಂದರು.

ವಿಚಾರಣೆಯ ದಿನ ಬಂತು. ಅಧಿಕಾರಿ ಕೇಳಿದರು, “ಹೇಳಿ, ನಿಮ್ಮ ವಾದ ಎಂತ?”

“ಅದು ತಿನ್ನುವ ಪದಾರ್ಥ ಸಾರ್. ಅದರ ಸುಂಕವೇ ಹಾಕಿ.”

“ಎಂತ ಆಯ್ತು ನಿಮಗೆ? ವಕೀಲರು ಬರ್ಲಿಲ್ವಾ?”

“ಬೇಡ ಸಾರ್. ನಮ್ಮ ಅಮ್ಮನೇ ವಾದ ಮುಗಿಸಿದ್ರು.”

ನಗು ಬಂತಲ್ಲ? ನಗಿ, ಚೆನ್ನಾಗಿ ನಗಿ. ಈಗ ನಿಮ್ಮ ಕಡೆಗೇ ಬರುತ್ತೇನೆ. ಸಭೆಯವರೇ, ಆ ವ್ಯಾಪಾರಿ ಸುಳ್ಳು ಹೇಳಿದ್ದು ಯಾರಿಗೆ? ಅಧಿಕಾರಿಗೆ. ಅಧಿಕಾರಿ ನಂಬಿದರೇ? ಇಲ್ಲ. ನಂಬಿದವರು ಯಾರು? ಅವನನ್ನು ಪ್ರೀತಿಸುವವರು! ನಮ್ಮ ಸುಳ್ಳನ್ನು ಮೊದಲು ನಂಬುವವರು ಅವರೇ ಅಲ್ಲವೇ?

ಬ್ರೇಕು ಹಿಡಿಯದ ಸ್ಕೂಟರನ್ನು ‘ಒಳ್ಳೇ ಕಂಡೀಶನ್’ ಎಂದು ಮಾರಲು ಹೊರಟವರು ಇಲ್ಲಿ ಇದ್ದೀರಿ, ಹೆಸರು ಹೇಳುವುದಿಲ್ಲ. ಜಗಲಿಯಲ್ಲಿ ಕುಳಿತು ಫೋನಿನಲ್ಲಿ ‘ನಾನು ಉಡುಪಿಯಲ್ಲಿದ್ದೇನೆ’ ಎನ್ನುವವರಿದ್ದೀರಿ. ಪಕ್ಕದಲ್ಲಿ ಪಾಠ ಓದುವ ಮಗು ಏನು ಕಲಿಯಿತು? ಮಗ ಕುಡಿಯುವುದೇ ಇಲ್ಲ ಎಂದು ಹೆಣ್ಣಿನ ಕಡೆಯವರಿಗೆ ಹೇಳಲು ಹೊರಟವರೂ ಇದ್ದೀರಿ. ಆ ಹುಡುಗಿ ನಿಮ್ಮ ಮಾತು ನಂಬಿ ತವರು ಬಿಟ್ಟು ಬರುತ್ತಾಳೆ ಸ್ವಾಮಿ!

ಇನ್ನು ಮೇಲೆ ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಒಂದು, ಮನೆಯಲ್ಲಿ ಒಂದು ಹೇಳುವುದನ್ನು ನಿಲ್ಲಿಸಿ. ಬಾಯಿ ತೆರೆಯುವ ಮೊದಲು ಒಮ್ಮೆ ಕೇಳಿಕೊಳ್ಳಿ, ನನ್ನ ತಾಯಿ ಈ ಮಾತನ್ನು ನಂಬಿದರೆ ಅವರ ಗತಿ ಏನು? ಈಗಾಗಲೇ ಯಾರಿಗಾದರೂ ಹಾಗೆ ಹೇಳಿದ್ದೀರಾ? ಇವತ್ತು ಮನೆಗೆ ಹೋದವರೇ ಅವರಿಗೆ ಫೋನು ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಷ್ಟ ಆಗುತ್ತದೆಯೇ? ಆಗುತ್ತದೆ, ಆಗಲಿ. ಆಮೇಲೆ ಮನೆಯವರ ಮುಖ ನೋಡುತ್ತಾ ಹೊಟ್ಟೆತುಂಬ ಊಟ ಮಾಡಿ.