ಕರೆಂಟಿಲ್ಲದೆ ತಿರುಗಿದ ಗೋಲಿ

ಆ ಕ್ಯಾಂಡಲ್ ಸ್ವಲ್ಪ ಈ ಕಡೆ ಸರಿಸು. ಕರೆಂಟ್ ಬರೋ ತನಕ ಹೇಳ್ತೀನಿ, ಬಂದ ಮೇಲೆ ಕೇಳಬೇಡಿ. ನಗೋರು ಈಗಲೇ ನಕ್ಕುಬಿಡಿ. ನಾನು ದೆವ್ವ ಗಿವ್ವ ಅಂತ ಹೆದರೋಳಲ್ಲ. ಆದ್ರೆ ಇದು ಯಾರೋ ಎಲ್ಲೋ ಕಂಡದ್ದಲ್ಲ... ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆದದ್ದು.

ಅವನಿಗೆ ಮೋಟಾರ್ ಕಟ್ಟೋ ಕೆಲಸ. ಸುಟ್ಟ ಮೋಟಾರಿನ ಹಳೇ ತಂತಿ ಕಿತ್ತು ಹೊಸದು ಸುತ್ತಬೇಕು. ಮನೇಲಿ ಅವನನ್ನ ಸುರುಳಿ ಅಂತಲೇ ಕರೀತೀವಿ. ಇದು ನಡೆದಾಗ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ತೀರ್ಕೊಂಡು ಒಂದು ವರ್ಷ ಆಗಿತ್ತು. ಆ ಮೇಸ್ತ್ರಿಯದು ಒಂದು ಅಭ್ಯಾಸ. ತಂತಿ ಸುತ್ತಿ ಮುಗಿದ ಮೇಲೆ ಮೋಟಾರಿನ ಖಾಲಿ ಹೊಟ್ಟೆಯೊಳಗೆ ಒಂದು ಉಕ್ಕಿನ ಬೇರಿಂಗ್ ಗೋಲಿ ಹಾಕಿ ಕರೆಂಟ್ ಕೊಡೋರು. ಸುತ್ತಿದ್ದು ಸರಿ ಇದ್ರೆ ತಂತಿಯೆಲ್ಲ ಅಯಸ್ಕಾಂತ ಆಗಿ ಗೋಲಿಯನ್ನ ಒಳಗೋಡೆಗುಂಟ ಓಡಿಸುತ್ತೆ... ಗರ್ರ್... ಗರ್ರ್... ಎಲ್ಲಾದ್ರೂ ತಪ್ಪಿದ್ರೆ ಗೋಲಿ ನಿಂತಲ್ಲೇ ನಡುಗುತ್ತೆ. ಟಕ ಟಕ ಟಕ. ಇನ್ನೊಂದು... ಏನೇ ಮುಟ್ಟಿದ್ರೂ ಹಿಂಗೈಯಲ್ಲೇ ಮುಟ್ಟೋರು. "ಅಂಗೈ ತಾಗಿಸಿದ್ರೆ ಕರೆಂಟ್ ಕೈ ಹಿಡ್ಕೊಳ್ಳುತ್ತೆ ಕಣೋ. ಹಿಂಗೈ ತಾಗಿಸಿದ್ರೆ ಒದ್ದು ಕಳಿಸುತ್ತೆ." ಮೋಟಾರಿನ ಬಿಸಿ ನೋಡೋದೂ ಹಾಗೇ. ಅಂಗಡೀಲಿ ಮಲಗಿರ್ತಿದ್ದ ಸುರುಳಿಯನ್ನೂ ಅವನ ತಮ್ಮನನ್ನೂ ಕೆನ್ನೆ ಮುಟ್ಟಿ ಎಬ್ಬಿಸ್ತಿದ್ದದ್ದೂ ಹಾಗೇ.

ಆ ತಮ್ಮ ಆಗ ಊರ ಬಾವಿ ಪಂಪ್ ನೋಡ್ಕೊಳ್ತಿದ್ದ. ಬಾವಿ ಪಕ್ಕದ ಪಂಪ್ ಶೆಡ್ಡಲ್ಲೇ ನಿದ್ದೆ. ಅವತ್ತು ಸಂಜೆ ಪಂಪಿನ ಫ್ಯೂಸ್ ಮೇಲಿಂದ ಮೇಲೆ ಹೋಗ್ತಿತ್ತು. ಮೋಟಾರ್ ಸಲೀಸಾಗಿ ತಿರುಗದೆ ಎಲ್ಲೋ ಹಿಡ್ಕೊಳ್ತಿತ್ತು, ಬಿಚ್ಚಿ ನೋಡಬೇಕಿತ್ತು. ಆದ್ರೆ ಕೊಡ ಹಿಡಿದು ನಿಂತ ಹೆಂಗಸರ ಬಾಯಿಗೆ ಉತ್ತರ ಕೊಡೋರು ಯಾರು? ನಮ್ಮ ಸುರುಳಿ ಶೆಡ್ಡಿನ ಗೋಡೆ ಬೋರ್ಡಲ್ಲಿದ್ದ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಬಿಗಿದ. ಬೆಳಿಗ್ಗೆ ನೋಡಿದ್ರಾಯ್ತು ಅಂತ ಅಂಗಡಿಗೆ ಹೋದ. "ಫ್ಯೂಸ್ ಸುಟ್ರೆ ತಂತಿ ಹೋಗುತ್ತೆ, ಸುಡದಿದ್ರೆ ಮನುಷ್ಯ ಹೋಗ್ತಾನೆ" ಅಂತ ಮೇಸ್ತ್ರಿ ಬಡ್ಕೊಂಡಿದ್ದು ಮರೆತೇ ಹೋಗಿತ್ತೋ, ನೆನಪಾದ್ರೂ ನುಂಗಿಕೊಂಡನೋ.

ಕತ್ತಲಾಗೋ ಹೊತ್ತಿಗೆ ಇಡೀ ಊರಿನ ಕರೆಂಟ್ ಹೋಯ್ತು. ತಮ್ಮ ಸ್ವಿಚ್ ಹಾಕಿಟ್ಟೇ ಮಲಗಿದ. ಪಂಪಿನವರು ಮಾಡೋದೇ ಹಾಗೆ. ಕರೆಂಟ್ ಬಂದಾಗ ಪಂಪ್ ತಾನೇ ಓಡ್ಲಿ, ನಿದ್ದೆ ಯಾಕೆ ಕೆಡಿಸ್ಕೋಬೇಕು?

ಸುರುಳಿ ತಡವಾಗಿ ಅಂಗಡಿ ಮುಚ್ಚಿ ಬಾವಿ ದಾರೀಲಿ ಮನೆಗೆ ಹೊರಟ. ಆಲದ ಮರದ ಕೆಳಗೆ ತನ್ನ ಕೈ ತನಗೇ ಕಾಣದಷ್ಟು ಕತ್ತಲು. ಚಪ್ಪಲಿ ಸದ್ದು ಬಿಟ್ರೆ ಏನೂ ಇಲ್ಲ. ಶೆಡ್ಡಿನ ಹತ್ತಿರ ಬಂದಾಗ...

ಗರ್ರ್... ಗರ್ರ್...

ನಿಂತ. ಗೋಲಿ ಸದ್ದು. ಶೆಡ್ಡಲ್ಲಿ ಬಿಚ್ಚಿದ ಮೋಟಾರಿಲ್ಲ. ಊರಲ್ಲಿ ಕರೆಂಟೇ ಇಲ್ಲ... ಗೋಲಿ ತಿರುಗೋದು ಹೇಗೆ? ಓಡಿಬಿಡೋಣ ಅಂತ ಕಾಲೆತ್ತಿದ. ಅಷ್ಟರಲ್ಲಿ ಸದ್ದು ಬದಲಾಯ್ತು.

ಟಕ. ಟಕ. ಟಕ.

ಆಗ ನೆನಪಾಯ್ತು ನೋಡಿ, ತಾಮ್ರದ ತಂತಿ. ಆ ಬೋರ್ಡಿನ ಕೆಳಗೇ ತಮ್ಮನ ಚಾಪೆ.

ಹೆದರಿಕೆ ಎಲ್ಲಿ ಹೋಯ್ತೋ, ಶೆಡ್ಡಿನ ಕಡೆಗೇ ಓಡಿದ. ಬಾವಿಕಟ್ಟೆ ಮೇಲೆ ಯಾರೋ ಕೂತಿದ್ರು. ತಮ್ಮನೇ. ಕೆನ್ನೆ ಹಿಡ್ಕೊಂಡಿದ್ದ.

"ಹೊರಗೆ ನಡಿ ಅಂತ ಎಬ್ಬಿಸಿ ನೀನೆಲ್ಲಿಗಣ್ಣ ಹೋದೆ? ನಿನ್ನ ಕೈ ಏನು ಹಾಗೆ ಸುಡ್ತಿತ್ತು?"

"ನಾನಾ? ನಾನು ಈಗ ಬರ್ತಿದೀನಲ್ಲೋ..."

ತಮ್ಮ ಶೆಡ್ಡಿನ ಬಾಗಿಲ ಕಡೆ ನೋಡಿ ಪಿಸುಗುಟ್ಟಿದ.

"ಹಾಗಾದ್ರೆ... ಒಳಗಿರೋದು ಯಾರು?"

ಅದೇ ಹೊತ್ತಿಗೆ ಕರೆಂಟ್ ಬಂತು. ಬೀದಿ ದೀಪ ಹತ್ತಿದವು. ಮೋಟಾರ್ ತಿರುಗಲಿಲ್ಲ... ಊಂ... ಅಂತ ನರಳ್ತು. ಮೋಟಾರ್ ತಂತಿಗೆ ಬಳಿದ ವಾರ್ನಿಷ್ ಸುಟ್ಟ ವಾಸನೆ. ತೆರೆದ ಬಾಗಿಲಲ್ಲಿ ಬೋರ್ಡಿನ ತಂತಿ ಕೆಂಪಗಾಗೋದು ಕಾಣಿಸ್ತು. ಚಟ್! ಕರಗಿದ ತಾಮ್ರ ಹನಿಹನಿಯಾಗಿ ಕೆಳಗೆ ಬಿತ್ತು, ತಮ್ಮನ ದಿಂಬು ಭಗ್ ಅಂತ ಹೊತ್ತಿಕೊಂಡಿತು. ಆ ಬೆಳಕಲ್ಲಿ ಶೆಡ್ಡಿನ ಮೂಲೆ ಮೂಲೆಯೂ ಕಂಡಿತು. ಒಳಗೆ ಯಾರೂ ಇರಲಿಲ್ಲ.

ಮರಳು ಸುರಿದು ಬೆಂಕಿ ಆರಿಸಿದ್ರು. ಆಮೇಲೆ ಸುರುಳಿ ತಮ್ಮನನ್ನ ತಬ್ಬಿಕೊಂಡು ಚಿಕ್ಕ ಮಗು ಥರ ಅತ್ತನಂತೆ. ನನ್ನ ಕೈಯಾರೆ ಕೊಲ್ತಿದ್ದೆನಲ್ಲೋ ಅಂತ.

ಕನಸು ಬಿದ್ದಿರಬೇಕು ಅಂತೀರಾ? ಅನ್ನಿ. ಆ ಹುಡುಗನ ಕೆನ್ನೆ ಮೇಲೆ ಸುಟ್ಟ ಗುರುತು ಇವತ್ತಿಗೂ ಇದೆ. ಅಂಗೈ ಗುರುತಲ್ಲ... ಸಾಲಾಗಿ ನಾಲ್ಕು ಬೆರಳ ಗೆಣ್ಣು. ಉಳಿದ ದಿನ ಅದು ಮಿಕ್ಕ ಚರ್ಮದ ಹಾಗೇ ತಣ್ಣಗಿರುತ್ತೆ. ಕರೆಂಟ್ ಹೋದ ರಾತ್ರಿ ಮಾತ್ರ ಬಿಸಿಯಾಗುತ್ತೆ. ಸುಳ್ಳಲ್ಲ. ನಾನೇ ಮುಟ್ಟಿ ನೋಡಿದೀನಿ... ಹಿಂಗೈಯಲ್ಲಿ.